ಕಲಾವಿದನ ಋಣ ಸತ್ತ ಮೇಲೆ ತೀರುವುದೆ?

ಅಮೆರಿಕದ ನಾಸಾ ಸಂಸ್ಥೆಯವರು 1977ನೆಯ ಇಸವಿಯಲ್ಲಿ ವಾಯೇಜರ್ ಎಂಬ ಹೆಸರಿನ ಎರಡು ನೌಕೆಗಳನ್ನು ಬಾಹ್ಯಾಕಾಶಕ್ಕೆ ಕಳುಹಿಸಿದರು. ಗುರು, ಶನಿ ಮೊದಲಾದ ಗ್ರಹಗಳನ್ನು ಸಮೀಪದಿಂದ ಕಂಡು, ಅವುಗಳ ಚಿತ್ರಗಳನ್ನು ಭೂಮಿಗೆ ರವಾನಿಸಿ, ಅನಂತರ ನಕ್ಷತ್ರಗಳ ನಡುವಣ ಶೂನ್ಯವನ್ನು ಹೊಕ್ಕು ಹೋಗುವುದು ಅವುಗಳ ಪಯಣದ ಕ್ರಮ. ಎಂದಾದರೊಂದು ದಿನ ಅನ್ಯಲೋಕದ ಬುದ್ಧಿಜೀವಿಗಳ ಕೈಗೆ ಈ ನೌಕೆಗಳು ಸಿಕ್ಕರೆ ಅವರಿಗೆ ನಮ್ಮ ಪರಿಚಯವಾಗಲೆಂದು, ಚಿನ್ನದ ಲೇಪವಿರುವ ತಾಮ್ರದ ಧ್ವನಿಮುದ್ರಿಕೆಯೊಂದನ್ನು ಪ್ರತಿ ನೌಕೆಗೂ ಜೋಡಿಸಲಾಗಿದೆ. ಅದರಲ್ಲಿ 55 ಭಾಷೆಗಳ ಶುಭಾಶಯಗಳಿವೆ. ಆ ಐವತ್ತೈದರಲ್ಲಿ ಕನ್ನಡವೂ ಒಂದು. ಕನ್ನಡಿಗರ ಪರವಾಗಿ ನಮಸ್ಕಾರ ಹೇಳುವ ಒಂದು ಧ್ವನಿ ಇಂದಿಗೂ ಆ ಕತ್ತಲೆಯಲ್ಲಿ ಸಾಗುತ್ತಿದೆ. ಮರಾಠಿಯೂ ಇದೆ, ತೆಲುಗೂ ಇದೆ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಸೀಮೆಯ ನಮ್ಮಂಥವರಿಗೆ ಮನೆಯ ಭಾಷೆ ಒಂದು, ಕಚೇರಿಯ ಭಾಷೆ ಇನ್ನೊಂದು. ಇವೆರಡೂ ಒಂದೇ ತಟ್ಟೆಯಲ್ಲಿ ಅಕ್ಕಪಕ್ಕ ಕುಳಿತು, ಗಡಿಯ ತಂಟೆಯಿಲ್ಲದೆ ಪ್ರಯಾಣ ಮಾಡುತ್ತಿರುವುದು ನೆನೆದರೆ ನಗು ಬರುವಂಥ ಸಂತೋಷ.

ಶುಭಾಶಯಗಳಾದ ಮೇಲೆ ಸಂಗೀತ. ಜಗತ್ತಿನ ನಾನಾ ದೇಶಗಳಿಂದ ಆರಿಸಿದ 27 ರಚನೆಗಳು ಅದರಲ್ಲಿವೆ. ಅವುಗಳ ಕೊನೆಯ ಮೂರನ್ನು ಗಮನಿಸಬೇಕು. ಮೊದಲನೆಯದು ಗೋವೆಯ ಕೇರಿ ಗ್ರಾಮದಲ್ಲಿ ಹುಟ್ಟಿ, ಉಸ್ತಾದ್ ಅಲ್ಲಾದಿಯಾ ಖಾನರಲ್ಲಿ ಕಲಿತ ಕೇಸರಬಾಯಿ ಕೇರ್ಕರ್ ಅವರ ಭೈರವಿ. ಕಟ್ಟಕಡೆಯದು ಜರ್ಮನಿಯ ಬೇಥೋವನನ ಒಂದು ವಾದ್ಯರಚನೆ. ಇವೆರಡರ ನಡುವೆ, ಮೂರು ನಿಮಿಷಕ್ಕೆ ಸ್ವಲ್ಪ ಹೆಚ್ಚಾದ ಒಂದು ಹಾಡಿದೆ. ಹಾಡು ಎನ್ನಬೇಕೋ ನರಳಿಕೆ ಎನ್ನಬೇಕೋ ತಿಳಿಯದು, ಏಕೆಂದರೆ ಅದರಲ್ಲಿ ಮಾತಿಲ್ಲ. ಒಂದು ಗಿಟಾರು, ಅದರ ಜೊತೆಗೆ ಒಬ್ಬ ಗಂಡಸಿನ ಗುನುಗು, ಅಷ್ಟೇ. ಅದನ್ನು ನುಡಿಸಿದವರು ಟೆಕ್ಸಾಸ್ ರಾಜ್ಯದ ಬೀದಿಗಳಲ್ಲಿ ಹಾಡಿ ಹೊಟ್ಟೆ ಹೊರೆಯುತ್ತಿದ್ದ, ಕಣ್ಣಿಲ್ಲದ, ಕಪ್ಪು ಜನಾಂಗದ ವಿಲ್ಲಿ ಜಾನ್ಸನ್. ಬಿಥೋವನನಿಗೆ ಏಕವಚನ ಸಂದಿದ್ದು ನಮ್ಮ ಭಾಷೆಯಲ್ಲಿ ಮಹಾಪುರುಷರಿಗೆ ಸಲ್ಲುವ ಸಲಿಗೆ. ಜಾನ್ಸನ್ನರಿಗೆ ಮಾತ್ರ ಈ ಲೇಖನದುದ್ದಕ್ಕೂ ಬಹುವಚನವನ್ನೇ ಬಳಸುತ್ತೇವೆ. ಬದುಕಿದ್ದಾಗ ಅವರಿಗೆ ಏಕವಚನ ಸಾಕಷ್ಟು ಸಿಕ್ಕಿತ್ತು.

ಇಷ್ಟು ದೂರ ಹೋದ ಹಾಡಿನ ಒಡೆಯರು ಸತ್ತದ್ದು ಹೇಗೆಂಬುದನ್ನು ಮುಂದೆ ಹೇಳುತ್ತೇವೆ. ಅದನ್ನು ಕೇಳಿದವರಿಗೆ ಒಂದು ಪ್ರಶ್ನೆ ಏಳದೆ ಇರದು. ಸತ್ತ ಮೇಲೆ ಸಲ್ಲುವ ಇಂಥ ಗೌರವವು, ಬದುಕಿದ್ದಾಗ ಸಲ್ಲದೆ ಹೋದದ್ದನ್ನು ತೀರಿಸುತ್ತದೆಯೆ? ತೀರಿಸದಿದ್ದರೆ, ಆ ಋಣವನ್ನು ಈಗ ಯಾರು, ಯಾರಿಗೆ ಸಲ್ಲಿಸಬೇಕು? ಸಾಹಿತ್ಯ ಸಮ್ಮೇಳನದ ಸಂಚಿಕೆಯಲ್ಲಿ ಅಮೆರಿಕದ ಗಿಟಾರು ಏಕೆ ಎಂದು ಕೇಳುವ ಹಿರಿಯರು ಕೊಂಚ ತಾಳ್ಮೆಯಿಂದ ಮುಂದೆ ಓದಬೇಕೆಂದು ಬಿನ್ನಹ.

ಮೊದಲು ವಾದ್ಯದ ಮಾತು. ಗಿಟಾರಿನ ಕೊರಳಿನ ಮೇಲೆ ನಮ್ಮ ವೀಣೆಗಿರುವಂತೆ ಮೆಟ್ಟುಗಳಿರುತ್ತವೆ. ಒಂದು ಮೆಟ್ಟಿನಿಂದ ಇನ್ನೊಂದಕ್ಕೆ ಬೆರಳು ಹೋದರೆ ಸ್ವರ ಜಿಗಿಯುತ್ತದೆ. ಎರಡು ಸ್ವರಗಳ ನಡುವೆ ಇರುವ ಸೂಕ್ಷ್ಮಗಳು ಆ ಜಿಗಿತದಲ್ಲಿ ಕಳೆದುಹೋಗುತ್ತವೆ. ಮನುಷ್ಯನ ಕಂಠ ಹಾಗೆ ಜಿಗಿಯುವುದಿಲ್ಲ. ಅದು ಜಾರುತ್ತದೆ, ಎಳೆಯುತ್ತದೆ, ನಡುಗುತ್ತದೆ. ಅಮೆರಿಕದ ದಕ್ಷಿಣ ಭಾಗದ ಕಪ್ಪು ಜನರು ಇದಕ್ಕೆ ಬಡವರ ಉಪಾಯವೊಂದನ್ನು ಕಂಡುಕೊಂಡಿದ್ದರು. ಬೆರಳಿಗೆ ಒಡೆದ ಬಾಟಲಿಯ ಕುತ್ತಿಗೆಯನ್ನು ತೊಟ್ಟು, ಇಲ್ಲವೆ ಜೇಬಿನ ಚಾಕುವನ್ನು ಕೈಯಲ್ಲಿ ಹಿಡಿದು, ತಂತಿಯ ಮೇಲೆ ಜಾರಿಸುವುದು. ಆಗ ತಂತಿ ಮೆಟ್ಟುಗಳನ್ನು ಮರೆತು ಕಂಠದಂತೆ ಹಾಡತೊಡಗುತ್ತದೆ. ಸ್ಲೈಡ್ ಗಿಟಾರ್ ಎಂದರೆ ಇದೇ. ನಮ್ಮ ಗೋಟುವಾದ್ಯ, ವಿಚಿತ್ರ ವೀಣೆಗಳನ್ನು ಕೇಳಿದವರಿಗೆ ಈ ಮರ್ಮವನ್ನು ವಿವರಿಸಬೇಕಾಗಿಲ್ಲ. ಹಿಂದುಸ್ತಾನಿ ಗಾಯಕರು ಮೀಂಡ್ ಎನ್ನುವುದೂ ಇದರ ಬಂಧುವೇ. ಹವಾಯಿ ದ್ವೀಪದಲ್ಲಿ ಗಿಟಾರನ್ನು ತೊಡೆಯ ಮೇಲಿಟ್ಟು ಲೋಹದ ತುಂಡನ್ನು ಜಾರಿಸಿ ನುಡಿಸುವ ಪದ್ಧತಿಯಿದೆ. ಆ ಗಿಟಾರು ನಮ್ಮ ದೇಶಕ್ಕೂ ಬಂದು, ಬ್ರಿಜ್ ಭೂಷಣ್ ಕಾಬ್ರಾ ಅವರ ಕೈಯಲ್ಲಿ ರಾಗ ಹಾಡಿತು. ಮುಂದೆ ವಿಶ್ವಮೋಹನ ಭಟ್ಟರ ಕೈಯಲ್ಲಿ ಮೋಹನ ವೀಣೆಯಾಯಿತು.

ಈ ವಾದನದ ಚರಿತ್ರೆಯ ಆರಂಭದಲ್ಲೇ ಒಬ್ಬ ಹೆಸರಿಲ್ಲದವನಿದ್ದಾನೆ. ಬ್ಲೂಸ್ ಸಂಗೀತದ ಪಿತಾಮಹನೆಂದು ಹೆಸರಾದ ಡಬ್ಲ್ಯು.ಸಿ. ಹ್ಯಾಂಡಿಯವರು ತಮ್ಮ ಆತ್ಮಕಥೆಯಲ್ಲಿ ಒಂದು ಸಂಗತಿ ಬರೆದಿದ್ದಾರೆ. ಇಪ್ಪತ್ತನೆಯ ಶತಮಾನದ ಮೊದಲ ವರುಷಗಳಲ್ಲಿ, ಮಿಸಿಸಿಪಿ ರಾಜ್ಯದ ಟಟ್‌ವೈಲರ್ ಎಂಬ ಊರಿನ ರೈಲು ನಿಲ್ದಾಣದಲ್ಲಿ ತಡವಾದ ಗಾಡಿಗೆ ಕಾಯುತ್ತ ಅವರು ನಿದ್ದೆ ಹೋಗಿದ್ದರಂತೆ. ಎಚ್ಚರವಾದಾಗ ಹರಕು ಬಟ್ಟೆಯ ಒಬ್ಬ ಮನುಷ್ಯ ಪಕ್ಕದಲ್ಲಿ ಕುಳಿತು, ತಂತಿಯ ಮೇಲೆ ಚಾಕು ಒತ್ತಿ ಗಿಟಾರು ನುಡಿಸುತ್ತಿದ್ದನು. ಅಂಥ ವಿಚಿತ್ರವಾದ ಸಂಗೀತವನ್ನು ಹ್ಯಾಂಡಿಯವರು ಅದಕ್ಕೆ ಮುನ್ನ ಕೇಳಿರಲಿಲ್ಲ. ಕೇಳಿದವರಿಗೆ ಪಿತಾಮಹನ ಪಟ್ಟ ದೊರೆಯಿತು. ನುಡಿಸಿದವನ ಹೆಸರನ್ನು ಕೇಳಿಟ್ಟುಕೊಳ್ಳಬೇಕೆಂದು ಆ ನಿಲ್ದಾಣದಲ್ಲಿ ಯಾರಿಗೂ ತೋರಲಿಲ್ಲ.

ಜಾನ್ಸನ್ನರಿಗೆ ಹೆಸರಾದರೂ ಉಳಿಯಿತು. ಅವರು ಹುಟ್ಟಿದ್ದು 1897ರಲ್ಲಿ, ಟೆಕ್ಸಾಸಿನ ಹತ್ತಿ ಬೆಳೆಯುವ ಸೀಮೆಯಲ್ಲಿ. ಎಳವೆಯಲ್ಲೇ ತಾಯಿ ತೀರಿಕೊಂಡರು, ತಂದೆ ಮರುಮದುವೆಯಾದರು. ಗಂಡಹೆಂಡಿರ ಜಗಳವೊಂದರಲ್ಲಿ ಮಲತಾಯಿ ಎರಚಿದ ಕ್ಷಾರದ ನೀರು ಬಾಲಕನ ಕಣ್ಣಿಗೆ ಬಿದ್ದು ದೃಷ್ಟಿ ಹೋಯಿತೆಂದು, ಬಹುಕಾಲದ ಮೇಲೆ ಅವರ ವಿಧವೆ ಏಂಜಲಿನ್ ಹೇಳಿದರು. ಆಗ ಅವರಿಗೆ ಏಳು ವರ್ಷ. ಕಣ್ಣಿಲ್ಲದ ಕಪ್ಪು ಹುಡುಗನಿಗೆ ಆ ಕಾಲದ ಟೆಕ್ಸಾಸಿನಲ್ಲಿ ಇದ್ದ ದಾರಿ ಬಹುತೇಕ ಒಂದೇ. ಗಿಟಾರಿಗೆ ತಗಡಿನ ಬಟ್ಟಲೊಂದನ್ನು ಕಟ್ಟಿಕೊಂಡು ಮಾರ್ಲಿನ್ ಮೊದಲಾದ ಊರುಗಳ ಬೀದಿ ಮೂಲೆಯಲ್ಲಿ ನಿಂತರು, ಚರ್ಚುಗಳಲ್ಲಿ ಹಾಡಿದರು. ಒಂದು ಮಾತು ನೆನಪಿಡಬೇಕು. ವಾದನದ ಶೈಲಿಯಿಂದ ಲೋಕ ಅವರನ್ನು ಬ್ಲೂಸ್ ವಾದಕರ ಸಾಲಿನಲ್ಲಿ ಕೂರಿಸುತ್ತದೆ. ಆದರೆ ಅವರು ಧ್ವನಿಮುದ್ರಿಸಿದ್ದೆಲ್ಲವೂ ದೇವರ ಹಾಡುಗಳು. ಹೆಂಡ, ಜೂಜು, ಪ್ರಣಯಗಳ ಬ್ಲೂಸನ್ನು ದೈವಭಕ್ತರು ಸೈತಾನನ ಸಂಗೀತ ಎಂದು ದೂರವಿಡುತ್ತಿದ್ದ ಕಾಲ ಅದು. ಜಾನ್ಸನ್ನರು ಆ ಗಿಟಾರಿನ ಮಾತನ್ನೇ ಹಿಡಿದು ಅದರಿಂದ ಪ್ರಾರ್ಥನೆ ಮಾಡಿಸಿದರು.

1927ರ ಡಿಸೆಂಬರ್ 3ರಂದು ಕೊಲಂಬಿಯಾ ಕಂಪನಿಯವರು ಡಲ್ಲಾಸ್ ನಗರದಲ್ಲಿ ಅವರ ಹಾಡುಗಳನ್ನು ಮೊದಲ ಬಾರಿಗೆ ಮುದ್ರಿಸಿಕೊಂಡರು. ಮೊದಲ ತಟ್ಟೆ ಸಾವಿರಾರು ಪ್ರತಿ ಮಾರಾಟವಾಯಿತು. 1930ರವರೆಗೆ ಡಲ್ಲಾಸ್, ನ್ಯೂ ಆರ್ಲಿಯನ್ಸ್, ಅಟ್ಲಾಂಟಾ ನಗರಗಳಲ್ಲಿ ಒಟ್ಟು 30 ಹಾಡುಗಳು. ಅಷ್ಟರಲ್ಲಿ ಮಹಾ ಆರ್ಥಿಕ ಕುಸಿತ ಬಂದು ಬಡವರ ಬಳಿ ತಟ್ಟೆ ಕೊಳ್ಳುವ ಕಾಸಿಲ್ಲವಾಯಿತು; ಕಂಪನಿ ಮತ್ತೆ ಕರೆಯಲಿಲ್ಲ. ತಟ್ಟೆಯ ಮೇಲಿನ ಚೀಟಿಯಲ್ಲಿ ಅವರ ಹೆಸರು ಬ್ಲೈಂಡ್ ವಿಲ್ಲಿ ಜಾನ್ಸನ್ ಎಂದಿತ್ತು. ಅಂಗವೈಕಲ್ಯವನ್ನೇ ವ್ಯಾಪಾರದ ಗುರುತಾಗಿಸುವುದು ಆಗಿನ ರೂಢಿ. ಬ್ಲೈಂಡ್ ಲೆಮನ್, ಬ್ಲೈಂಡ್ ಬ್ಲೇಕ್ ಹೀಗೆ ಅದೊಂದು ಸಾಲೇ ಇದೆ. ಹಾಡಿಗೆ ಇಷ್ಟೆಂದು ಒಂದೇ ಬಾರಿ ಕೈಗೆ ಹಣವಿಟ್ಟು ಕಳಿಸುವುದು ಪದ್ಧತಿ. ಮಾರಾಟದಲ್ಲಿ ಪಾಲು ಎಂಬುದು ಇಂಥ ಗಾಯಕರಿಗೆ ಅಪರೂಪ.

ಆ ಮೊದಲ ದಿನ ಮುದ್ರಿಸಿದ್ದರಲ್ಲೇ ಈಗ ಆಕಾಶದಲ್ಲಿರುವ ಹಾಡೂ ಸೇರಿತ್ತು. ‘ಡಾರ್ಕ್ ವಾಸ್ ದ ನೈಟ್, ಕೋಲ್ಡ್ ವಾಸ್ ದ ಗ್ರೌಂಡ್’ ಎಂದು ಅದರ ಹೆಸರು. ಇರುಳು ಕಪ್ಪಾಗಿತ್ತು, ನೆಲ ತಣ್ಣಗಿತ್ತು ಎಂದರ್ಥ. ಹದಿನೆಂಟನೆಯ ಶತಮಾನದ ಒಂದು ಪ್ರಾರ್ಥನಾಗೀತೆಯಿಂದ ಬಂದ ಹೆಸರಿದು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೆಮನೆ ತೋಟದಲ್ಲಿ ಏಸುಕ್ರಿಸ್ತರು ಒಂಟಿಯಾಗಿ ನೆಲದ ಮೇಲೆ ಬಿದ್ದು ಪ್ರಾರ್ಥಿಸಿದ ಸಂದರ್ಭ ಅದರ ವಸ್ತು. ಕಪ್ಪು ಜನರ ಚರ್ಚುಗಳಲ್ಲಿ ಒಬ್ಬರು ಸಾಲು ಹೇಳಿಕೊಟ್ಟರೆ ಸಭೆಯೆಲ್ಲ ಅದನ್ನು ನಿಧಾನವಾಗಿ ಎಳೆದು ಹಾಡುವ ಕ್ರಮವಿದೆ. ನಮ್ಮ ಭಜನೆಯಲ್ಲಿ ಮುಂದಿನವರು ಹೇಳಿದ್ದನ್ನು ಹಿಮ್ಮೇಳದವರು ಎತ್ತಿಕೊಳ್ಳುವಂತೆ ಎನ್ನಬಹುದು. ಜಾನ್ಸನ್ನರು ಈ ಹಾಡಿನಲ್ಲಿ ಮಾತನ್ನೆಲ್ಲ ಕಳಚಿಟ್ಟರು. ಗುನುಗು ಒಂದು ಸಾಲನ್ನು ಎತ್ತುತ್ತದೆ, ಗಿಟಾರು ಅದನ್ನು ಮುಗಿಸುತ್ತದೆ. ಗಿಟಾರು ಕೇಳುತ್ತದೆ, ಕಂಠ ಉತ್ತರಿಸುತ್ತದೆ. ಇಡೀ ಸಭೆಯ ಕೆಲಸವನ್ನು ಒಬ್ಬರೇ ಮಾಡುತ್ತಾರೆ. ಇಂಗ್ಲಿಷು ಬಾರದವರಿಗೂ ಇದು ಅರ್ಥವಾಗುತ್ತದೆ. ನಮ್ಮ ಮೊಮ್ಮಗ ತನ್ನ ಮೊಬೈಲಿನಲ್ಲಿ ಇದನ್ನು ಹಚ್ಚಿದಾಗ, ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದ ಮನೆಯವರು ಕೈ ನಿಲ್ಲಿಸಿ, ಯಾರ ಮನೆಯಲ್ಲಿ ಏನಾಯಿತು ಎಂದು ಕೇಳಿದರು. ಇದಕ್ಕಿಂತ ಉತ್ತಮವಾದ ವಿಮರ್ಶೆಯನ್ನು ನಾವು ಎಲ್ಲಿಯೂ ಓದಿಲ್ಲ.

ಇತರ ಕೆಲವು ಹಾಡುಗಳಲ್ಲಿ ಅವರ ಒರಟು ದನಿಗೆ ಜೊತೆಯಾಗಿ ಒಬ್ಬ ಹೆಣ್ಣುಮಗಳ ಮೆದು ದನಿಯಿದೆ. 1950ರ ದಶಕದಲ್ಲಿ ಸ್ಯಾಮ್ಯುಯೆಲ್ ಚಾರ್ಟರ್ಸ್ ಎಂಬ ಸಂಶೋಧಕರು ಹುಡುಕಿಕೊಂಡು ಹೋದಾಗ, ಆ ದನಿ ತನ್ನದೇ ಎಂದು ಏಂಜಲಿನ್ ಹೇಳಿದರು. ಪುಸ್ತಕಗಳಲ್ಲಿ ಹಾಗೆಯೇ ಅಚ್ಚಾಯಿತು. 1970ರ ದಶಕದಲ್ಲಿ ಮಾರ್ಲಿನ್ ಊರಿನಲ್ಲಿ ವಿಲ್ಲಿ ಬಿ. ಹ್ಯಾರಿಸ್ ಎಂಬ ವೃದ್ಧೆ ಪತ್ತೆಯಾದ ಮೇಲೆ, ಹಾಡಿದವರು ಅವರೆಂದು ತಿಳಿಯಿತು. ಅವರೂ ಜಾನ್ಸನ್ನರ ಸಂಸಾರದಲ್ಲಿ ಇದ್ದವರೇ. ಲೋಕ ಅವರ ದನಿಯನ್ನು ಕೇಳಿತು, ಮೆಚ್ಚಿತು, ಇನ್ನೊಬ್ಬರ ಹೆಸರಿನಿಂದ ಕರೆಯಿತು. ಏಂಜಲಿನ್ ಅವರನ್ನು ಇದಕ್ಕಾಗಿ ಜರೆಯಲು ನಮಗೆ ಮನಸ್ಸು ಬರುವುದಿಲ್ಲ. ಬದುಕಿನಲ್ಲಿ ಏನೂ ಸಿಗದ ಬಡ ವಿಧವೆಯ ಬಾಗಿಲಿಗೆ ಬಂದು, ಅಪರಿಚಿತರೊಬ್ಬರು ಈ ಹಾಡಿನಲ್ಲಿ ನಿಮ್ಮ ಪಾಲೇನು ಎಂದು ಕೇಳಿದ್ದು ಅದೇ ಮೊದಲು. ಅನ್ಯಾಯವಾದ ಹಂಚಿಕೆಯಲ್ಲಿ ಕೊನೆಯ ತುತ್ತಿಗಾಗಿ ಬಡವರೇ ಬಡವರ ಕೈಯಿಂದ ಕಸಿಯಬೇಕಾಗುತ್ತದೆ.

ಜಾನ್ಸನ್ನರ ಕೊನೆಯ ವರ್ಷಗಳು ಬೋಮಾಂಟ್ ನಗರದಲ್ಲಿ ಕಳೆದವು. ಅಲ್ಲಿ ಸಣ್ಣದೊಂದು ಪ್ರಾರ್ಥನಾ ಮಂದಿರ ನಡೆಸುತ್ತಿದ್ದರು. 1945ರಲ್ಲಿ ಮನೆಗೆ ಬೆಂಕಿ ಬಿತ್ತು. ಹೋಗಲು ಬೇರೆ ಜಾಗವಿಲ್ಲದ ದಂಪತಿಗಳು ಸುಟ್ಟ ಮನೆಗೇ ಹಿಂದಿರುಗಿ, ನೀರಿನಿಂದ ತೊಯ್ದ ಹಾಸಿಗೆಯ ಮೇಲೆ ವೃತ್ತಪತ್ರಿಕೆಗಳನ್ನು ಹರವಿ ಮಲಗಿದರೆಂದು ಏಂಜಲಿನ್ ಹೇಳಿದ್ದಾರೆ. ಜಾನ್ಸನ್ನರಿಗೆ ಜ್ವರ ಬಂತು. ಆಸ್ಪತ್ರೆಗೆ ಒಯ್ದರೆ ಒಳಗೆ ಸೇರಿಸಿಕೊಳ್ಳಲಿಲ್ಲ, ಕುರುಡರೆಂದು ತಿರುಗಿ ಕಳಿಸಿದರು ಎಂಬುದು ಆಕೆಯ ಮಾತು. ಸೆಪ್ಟೆಂಬರ್ 18ರಂದು ಅವರು ತೀರಿಕೊಂಡರು. ಮರಣಪತ್ರದಲ್ಲಿ ಮಲೇರಿಯಾ ಜ್ವರವೆಂದು ಬರೆದಿದೆ. ಸಮಾಧಿಯ ಮೇಲೆ ಗುರುತಿನ ಕಲ್ಲೂ ಇರಲಿಲ್ಲ. ಲೋಕಕ್ಕೆ ತಿಳಿದಿರುವ ಅವರ ಭಾವಚಿತ್ರ ಒಂದೇ ಒಂದು.

ಇನ್ನು ಸತ್ತ ಮೇಲಿನ ಕಥೆ. 1964ರಲ್ಲಿ ಇಟಲಿಯ ಪಾಸೋಲಿನಿ, ಸಂತ ಮತ್ತಾಯನ ಸುವಾರ್ತೆಯನ್ನು ಆಧರಿಸಿದ ತಮ್ಮ ಚಲನಚಿತ್ರದಲ್ಲಿ ಆ ಮಾತಿಲ್ಲದ ಹಾಡನ್ನು ಬಳಸಿದರು. ರೈ ಕೂಡರ್ ಎಂಬ ಅಮೆರಿಕದ ಗಿಟಾರ್ ವಾದಕರು 1984ರ ‘ಪ್ಯಾರಿಸ್, ಟೆಕ್ಸಾಸ್’ ಚಿತ್ರದ ಸಂಗೀತವನ್ನು ಇದರ ತಳಹದಿಯ ಮೇಲೆಯೇ ಕಟ್ಟಿದರು. ಇದೇ ಕೂಡರ್ ಮುಂದೆ ನಮ್ಮ ವಿಶ್ವಮೋಹನ ಭಟ್ಟರ ಜೊತೆ ನುಡಿಸಿದ ‘ಎ ಮೀಟಿಂಗ್ ಬೈ ದ ರಿವರ್’ ಸಂಪುಟ ಗ್ರ್ಯಾಮಿ ಪ್ರಶಸ್ತಿ ಪಡೆಯಿತು. ಆ ಹಾಡಿನ ತಟ್ಟೆಯ ಇನ್ನೊಂದು ಮಗ್ಗುಲಲ್ಲಿದ್ದ ಜಾನ್ಸನ್ನರ ಗೀತೆಯ ಹೆಸರನ್ನೇ ಇಟ್ಟು, ಅದರ ಸಾರವನ್ನೇ ಹಿಡಿದು, ಲೆಡ್ ಝೆಪ್ಲಿನ್ ಎಂಬ ಇಂಗ್ಲೆಂಡಿನ ಹೆಸರಾಂತ ತಂಡ 1976ರಲ್ಲಿ ಹಾಡಿತು. ರಚನೆಕಾರರೆಂದು ಆ ತಂಡದ ಇಬ್ಬರ ಹೆಸರುಗಳು ಅಚ್ಚಾದವು. 2010ರಲ್ಲಿ ಬೋಮಾಂಟಿನಲ್ಲಿ ಸ್ಮಾರಕಗಳು ಎದ್ದವು. ಅದೇ ವರ್ಷದ ಪಟ್ಟಿಯಲ್ಲಿ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯವು ಆ ಮುದ್ರಿಕೆಯನ್ನು ರಾಷ್ಟ್ರದ ಆಸ್ತಿಯೆಂದು ದಾಖಲಿಸಿಕೊಂಡಿತು. ವಾಯೇಜರ್ ತಟ್ಟೆಗೆ ಹಾಡುಗಳನ್ನು ಆರಿಸಿದ ಸಮಿತಿಯವರು ಈ ಹಾಡನ್ನು ಕುರಿತು ಹೇಳಿದ್ದರ ಸಾರಾಂಶ ಇಷ್ಟು: ಮಲಗಲು ನೆಲೆಯಿಲ್ಲದೆ ಇರುಳನ್ನು ಎದುರಿಸುವ ಸ್ಥಿತಿ ಜಾನ್ಸನ್ನರಿಗೆ ಹಲವು ಬಾರಿ ಬಂದಿತ್ತು, ಹಾಡು ಅದನ್ನು ಕುರಿತದ್ದು, ಮನುಷ್ಯಕುಲ ಭೂಮಿಯ ಮೇಲೆ ಹುಟ್ಟಿದಂದಿನಿಂದ ಆ ಸ್ಥಿತಿ ತಪ್ಪಿಲ್ಲ. ಈಗ ಒಂದನೆಯ ವಾಯೇಜರ್ ಭೂಮಿಯಿಂದ 2,400 ಕೋಟಿ ಕಿಲೋಮೀಟರಿಗೂ ಹೆಚ್ಚು ದೂರದಲ್ಲಿದೆ.

ಇಷ್ಟೆಲ್ಲ ಕೀರ್ತಿ ಬಂದಮೇಲೆ ಹಳೆಯ ಲೆಕ್ಕ ಚುಕ್ತಾ ಆಯಿತಲ್ಲವೆ ಎನ್ನುವವರು ಇದ್ದಾರೆ. ಕಲಾವಿದನು ಬದುಕುವುದು ತನ್ನ ಕೃತಿಯಲ್ಲಿ, ದೇಹ ಹೇಗೆ ಸತ್ತರೇನು ಎನ್ನುತ್ತಾರೆ. ಮಾತು ಕೇಳಲು ಚೆನ್ನ. ಆದರೆ ಋಣ ತೀರಬೇಕಾದರೆ ಪಡೆಯುವ ಕೈ ಇರಬೇಕು. ನಮ್ಮಲ್ಲಿ ಸಾಲ ಕೊಟ್ಟವನು ಸತ್ತರೆ ಅವನ ಮಕ್ಕಳಿಗೆ ಕೊಡುತ್ತೇವೆ. ಅವನ ಭಾವಚಿತ್ರಕ್ಕೆ ಹಾರ ಹಾಕಿ, ಸಾಲ ತೀರಿತೆಂದು ಯಾವ ಸಾಹುಕಾರನ ಮನೆಯವರನ್ನೂ ಒಪ್ಪಿಸಲಾಗದು. ವಾಯೇಜರಿನ ಗೌರವ ಹಾಡಿಗೆ ಸಂದಿತು, ಆರಿಸಿದವರ ರಸಿಕತೆಗೂ ಸಂದಿತು. ಆರಿಸಿದವರು ಒಳ್ಳೆಯ ಕೆಲಸವನ್ನೇ ಮಾಡಿದರು, ಅದರಲ್ಲಿ ಸಂಶಯವಿಲ್ಲ. ಆದರೆ ಒದ್ದೆ ಹಾಸಿಗೆಯ ಮೇಲೆ ಚಳಿಯಿಂದ ನಡುಗಿದ ಮನುಷ್ಯನಿಗೆ ಅದರಿಂದ ಒಂದು ಕಂಬಳಿಯೂ ದೊರೆಯಲಿಲ್ಲ. ಒಂದನ್ನು ಇನ್ನೊಂದರ ಖಾತೆಗೆ ಜಮಾ ಮಾಡುವುದು ಸಲ್ಲದು.

ಇದಕ್ಕಿಂತ ಅಪಾಯಕಾರಿಯಾದ ಮಾತು ಇನ್ನೊಂದಿದೆ. ಕಷ್ಟವಿದ್ದುದರಿಂದಲೇ ಇಂಥ ಹಾಡು ಹುಟ್ಟಿತು, ಸುಖವಾಗಿದ್ದಿದ್ದರೆ ಹುಟ್ಟುತ್ತಿರಲಿಲ್ಲ ಎಂಬ ಮಾತು. ವೇದಿಕೆಗಳಲ್ಲಿ ಇದಕ್ಕೆ ಚಪ್ಪಾಳೆ ಬೀಳುತ್ತದೆ. ನಾವು ಇದನ್ನು ಒಪ್ಪುವುದಿಲ್ಲ. ಕಷ್ಟವೇ ಕಾರಣವಾಗಿದ್ದರೆ ಆ ಕಾಲದ ಟೆಕ್ಸಾಸಿನ ಕಣ್ಣಿಲ್ಲದ ಕಪ್ಪು ಬಡವರೆಲ್ಲರೂ ಹೀಗೆ ಹಾಡಬೇಕಿತ್ತು. ಹಾಡು ಬಂದದ್ದು ಚರ್ಚಿನ ಸಂಪ್ರದಾಯದಿಂದ, ವರ್ಷಾನುಗಟ್ಟಲೆ ಮಾಡಿದ ಸಾಧನೆಯಿಂದ, ಕಿವಿಯ ಸೂಕ್ಷ್ಮದಿಂದ, ಮತ್ತು ಹೇಳಲಾಗದ ಒಂದು ಪ್ರತಿಭೆಯಿಂದ. ಇನ್ನೊಂದು ಸರಳವಾದ ಲೆಕ್ಕ ನೋಡಿ. ಅವರ ಬದುಕಿನಲ್ಲಿ 1930ರಿಂದ 1945ರವರೆಗಿನ ಹದಿನೈದು ವರ್ಷಗಳಲ್ಲಿ ಕಷ್ಟಕ್ಕೆ ಏನೂ ಕೊರತೆಯಿರಲಿಲ್ಲ. ಆ ಹದಿನೈದು ವರ್ಷಗಳಿಂದ ನಮಗೆ ಉಳಿದಿರುವ ಹಾಡು ಒಂದೂ ಇಲ್ಲ, ಏಕೆಂದರೆ ಮುದ್ರಿಸುವವರಿರಲಿಲ್ಲ. ಬಡತನ ನಮಗೆ ಹಾಡನ್ನು ಕೊಟ್ಟಿತೆನ್ನುವವರು, ಬಡತನ ನಮ್ಮಿಂದ ಎಷ್ಟು ಹಾಡುಗಳನ್ನು ಕಿತ್ತುಕೊಂಡಿತು ಎಂಬುದನ್ನೂ ಎಣಿಸಬೇಕಲ್ಲವೆ?

ಸಕಾಲದಲ್ಲಿ ಸಂದ ಹಣ ಏನು ಮಾಡಬಲ್ಲದೆಂಬುದಕ್ಕೆ ಅದೇ ನಾಡಿನಲ್ಲಿ ಉದಾಹರಣೆಯಿದೆ. ಜಾನ್ಸನ್ನರು 1927ರಲ್ಲಿ ಹಾಡಿದ ಸ್ಯಾಮ್ಸನ್ನನ ಕಥೆಯ ಗೀತೆಯನ್ನು ಗ್ಯಾರಿ ಡೇವಿಸ್ ಎಂಬ ಇನ್ನೊಬ್ಬ ಅಂಧ ಪಾದ್ರಿಯೂ ನ್ಯೂಯಾರ್ಕಿನ ಬೀದಿಗಳಲ್ಲಿ ಹಾಡುತ್ತಿದ್ದರು. 1962ರಲ್ಲಿ ಪೀಟರ್, ಪಾಲ್ ಮತ್ತು ಮೇರಿ ಎಂಬ ಜನಪ್ರಿಯ ಗಾಯಕ ತ್ರಯರು ಅದನ್ನು ತಮ್ಮ ತಟ್ಟೆಯಲ್ಲಿ ಹಾಡಿದಾಗ ಗೌರವಧನದ ಪಾಲು ಡೇವಿಸರಿಗೆ ಮುಟ್ಟಿತು. ಮುಪ್ಪಿನಲ್ಲಿ ಅವರು ಸ್ವಂತ ಮನೆ ಕೊಂಡರು. ಆ ಮನೆಯಿಂದ ಅವರ ಹಾಡೇನೂ ಕೆಡಲಿಲ್ಲ. ಅದೇ ಮನೆಗೆ ಬಂದು ತರುಣರು ಗಿಟಾರು ಕಲಿತರು. ಒಂದು ಸೂರು, ಒಂದಿಷ್ಟು ಹಣ, ಶಿಷ್ಯರು. ಇದರಲ್ಲಿ ಅಸಾಧ್ಯವಾದದ್ದೇನಿದೆ?

ಹಾಗಾದರೆ ಜಾನ್ಸನ್ನರ ಋಣ ಯಾರ ಮೇಲಿದೆ? ಆಸ್ಪತ್ರೆಯ ಬಾಗಿಲಲ್ಲಿ ನಿಂತವರೂ ಹಾಡನ್ನು ಆಕಾಶಕ್ಕೆ ಕಳಿಸಿದವರೂ ಬೇರೆ ಬೇರೆ ಜನ. ಒಬ್ಬರ ತಪ್ಪನ್ನು ಇನ್ನೊಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ. ಇಲ್ಲಿ ನಮ್ಮ ಹಿರಿಯರ ಋಣವಿಚಾರ ಸಹಾಯಕ್ಕೆ ಬರುತ್ತದೆ. ಹುಟ್ಟುತ್ತಲೇ ಮನುಷ್ಯ ಋಣಿ ಎನ್ನುತ್ತದೆ ವೇದ. ಪಿತೃಋಣವನ್ನು ತೀರಿಸುವುದು ಸಂತಾನದಿಂದ, ಋಷಿಋಣವನ್ನು ತೀರಿಸುವುದು ಅಧ್ಯಯನದಿಂದ. ಇದರ ಸ್ವಾರಸ್ಯವನ್ನು ಗಮನಿಸಬೇಕು. ಕೊಟ್ಟವರು ಹಿಂದಿನವರು, ಸಲ್ಲಿಸಬೇಕಾದದ್ದು ಮುಂದಿನವರಿಗೆ. ತಂದೆ ನಮ್ಮನ್ನು ಸಾಕಿದರೆ ನಾವು ಮಕ್ಕಳನ್ನು ಸಾಕುತ್ತೇವೆ. ಗುರುವಿನಿಂದ ಕಲಿತದ್ದನ್ನು ಶಿಷ್ಯನಿಗೆ ಕೊಡುತ್ತೇವೆ. ಹಾಗೆ ನೋಡಿದರೆ, ಸತ್ತ ಹಾಡುಗಾರನಿಂದ ಪಡೆದ ಸುಖಕ್ಕೆ ಬದಲಾಗಿ ಕೊಡಬೇಕಾದದ್ದು ಬದುಕಿರುವ ಹಾಡುಗಾರನಿಗೆ. ಕೇಳಿದವರೆಲ್ಲರೂ ಋಣಿಗಳೇ. ಆಕಾಶದ ಆ ತಟ್ಟೆಯಲ್ಲಿ ನಮ್ಮ ನಮಸ್ಕಾರವೂ ಇರುವುದರಿಂದ, ಆ ಪಂಕ್ತಿಯಲ್ಲಿ ನಾವೂ ಕುಳಿತವರೆಂದೇ ಹೇಳಬೇಕು. ಕಲ್ಲು ನಾಗರ ಮತ್ತು ದಿಟ ನಾಗರದ ದೃಷ್ಟಾಂತದಿಂದ ಬಸವಣ್ಣನವರು ತೋರಿಸಿದ್ದನ್ನು ನಮ್ಮ ಗಡಿಯ ಶಾಲೆಗಳ ಮಕ್ಕಳೂ ಬಾಯಿಪಾಠ ಒಪ್ಪಿಸುತ್ತಾರೆ. ಬಾಯಿಪಾಠದಿಂದ ಆಚೆಗೆ ಅದು ಬರುವುದು ಕಡಿಮೆ.

ಈಗ ನಮ್ಮ ಸೀಮೆಗೆ ಬರೋಣ. ಅಕ್ಕಲಕೋಟೆ, ಜತ್ತ ತಾಲ್ಲೂಕುಗಳ ಹಳ್ಳಿಗಳಲ್ಲಿ ತತ್ತ್ವಪದ ಹಾಡುವವರು, ಡೊಳ್ಳಿನ ಪದದವರು, ಮೊಹರಮ್ಮಿನಲ್ಲಿ ರಿವಾಯತ ಹಾಡುವವರು ಇನ್ನೂ ಇದ್ದಾರೆ. ಸರ್ಕಾರಿ ಕಾಗದ ಮರಾಠಿಯಲ್ಲಿ ಬಂದರೂ ಅಮಾವಾಸ್ಯೆಯ ರಾತ್ರಿಯ ಭಜನೆ ಕನ್ನಡದಲ್ಲೇ ನಡೆಯುತ್ತದೆ. ಶಾಲೆಗಳಲ್ಲಿ ನಾವು ಕಲಿಸಿದ ಕನ್ನಡಕ್ಕಿಂತ ಹೆಚ್ಚಿನದನ್ನು ಈ ಜನ ಉಳಿಸಿದ್ದಾರೆ. ನಲವತ್ತು ವರ್ಷದ ಹತ್ತಿರ ಸೀಮೆಸುಣ್ಣ ಹಿಡಿದವರು ಇದನ್ನು ಹೇಳಲು ಸಂಕೋಚಪಡಬೇಕಾಗಿಲ್ಲ. ಒಮ್ಮೆ ನಮ್ಮ ಶಾಲೆಯ ಹತ್ತನೆಯ ಇಯತ್ತೆಯ ಹುಡುಗರು ಒಬ್ಬ ವೃದ್ಧ ಹಾಡುಗಾರರ ಪದಗಳನ್ನು ವಹಿಯಲ್ಲಿ ಬರೆದುಕೊಳ್ಳುತ್ತಿದ್ದರು. ಅವರಿಗೂ ಕಣ್ಣು ಮಂಜಾಗಿತ್ತು, ಕೈಯಲ್ಲಿ ಏಕತಾರಿ. ಮೇಲೆ ನಿಮ್ಮ ಹೆಸರು ಬರೆಯುತ್ತೇವೆ ಎಂದಾಗ ಅವರು ಹೇಳಿದರು: “ನನ್ನ ಹೆಸರ್ಯಾಕ್ರಿ ಮಾಸ್ತರ? ಪದಾ ಗುರುವಿಂದು. ಕೊನೀ ನುಡ್ಯಾಗ ಗುರುವಿನ ಹೆಸರು ಐತೆಲ್ಲ, ಅಷ್ಟ ಬರಕೋರಿ. ಹಾಂ, ಬಸ್ಸಿನ ಚಾರ್ಜಿಗಿ ಏನರೆ ನೋಡ್ರಿ.”

ಈ ಮಾತಿನ ಮೊದಲ ಭಾಗವನ್ನು ಮೆಚ್ಚಿ ಭಾಷಣದಲ್ಲಿ ಹೇಳುವವರು ಹಲವರು. ಎಂಥ ನಿಗರ್ವ, ಎಂಥ ವೈರಾಗ್ಯ ಎನ್ನುತ್ತಾರೆ. ಎರಡನೆಯ ಭಾಗ ಅವರ ಭಾಷಣದಲ್ಲಿ ಬರುವುದಿಲ್ಲ. ಹಾಡು ತನ್ನದಲ್ಲ, ದೇವರದು ಎಂದು ಜಾನ್ಸನ್ನರಂಥ ಭಕ್ತರೂ ನಂಬಿದ್ದಿರಬೇಕು. ಆದರೆ ತನ್ನದಲ್ಲ ಎಂದು ಹೇಳುವ ಅಧಿಕಾರ ಹಾಡಿದವರಿಗೆ ಮಾತ್ರ ಇದೆ, ಕೇಳಿದವರಿಗೆ ಇಲ್ಲ. ದಾನಿಯು ತನ್ನ ಹೆಸರು ಬೇಡವೆಂದರೆ ಅದು ಅವನ ದೊಡ್ಡತನ. ಪಡೆದವನು ಅದನ್ನೇ ನೆಪವಾಗಿಸಿ ಹೆಸರು ಅಳಿಸಿದರೆ ಅದಕ್ಕೆ ದೊಡ್ಡತನವೆಂದು ಹೇಳಲಾಗದು. ಮೇಲಾಗಿ ನಮ್ಮ ಪರಂಪರೆಯಲ್ಲಿ ಅಂಕಿತವೆಂಬುದಿದೆ. ಪದದ ಕೊನೆಯಲ್ಲಿ ಬರುವ ಗುರುವಿನ ಅಥವಾ ದೈವದ ಹೆಸರು ಅನಾಮಿಕತೆಯಲ್ಲ. ಈ ಪದ ಯಾವ ಮಠದ್ದು, ಯಾವ ಗುರುವಿನ ಮಕ್ಕಳದ್ದು ಎಂಬ ವಿಳಾಸ ಅದು. ಈಚೆಗೆ ಮೊಬೈಲಿನಲ್ಲಿ ಹಾಡುಗಳನ್ನು ಹಿಡಿದು ಹಂಚುವವರು, ತಮ್ಮ ಹಾಡೆಂದು ಮೇಲೆ ಹೆಸರು ಹಚ್ಚುವವರು ಆ ಕೊನೆಯ ನುಡಿಯನ್ನೇ ಕತ್ತರಿಸುವುದುಂಟು. ಟಟ್‌ವೈಲರ್ ನಿಲ್ದಾಣದಲ್ಲಿ ಹೆಸರು ಕೇಳದೆ ಹೋದದ್ದು ಒಂದು ಬಗೆ, ಇರುವ ಹೆಸರನ್ನು ಕತ್ತರಿಸುವುದು ಇನ್ನೊಂದು ಬಗೆ. ಎರಡನೆಯದು ಹೆಚ್ಚು ಕೆಟ್ಟದ್ದು.

ಸಂಘ ಏನು ಮಾಡಬಹುದು ಎಂದು ಕೇಳಿದರೆ ನಮ್ಮಲ್ಲಿ ದೊಡ್ಡ ಯೋಜನೆಯೇನಿಲ್ಲ. ಶಾಲು, ಫಲಕ, ಹಾರಗಳಿಗೆ ಮಾಡುವ ಖರ್ಚಿನ ಮೊದಲು ಬಸ್ಸಿನ ಚಾರ್ಜು ಮತ್ತು ದಿನದ ಕೂಲಿ ಹಾಡುಗಾರರ ಕೈ ಸೇರಲಿ. ಹಾಡಲು ಬಂದ ದಿನ ಹೊಲದ ಕೂಲಿ ತಪ್ಪುತ್ತದೆಂಬುದು ಎಷ್ಟೋ ಜನರಿಗೆ ಹೊಳೆಯುವುದೇ ಇಲ್ಲ. ಧ್ವನಿಮುದ್ರಣ ಮಾಡುವವರು ಹಾಡಿದವರ ಹೆಸರು, ಊರು, ಹಿಮ್ಮೇಳದವರ ಹೆಸರು, ವಿಶೇಷವಾಗಿ ಹೆಣ್ಣುಮಕ್ಕಳ ಹೆಸರು ಬರೆದಿಟ್ಟುಕೊಳ್ಳಲಿ, ವಿಲ್ಲಿ ಬಿ. ಹ್ಯಾರಿಸರಿಗಾದದ್ದು ಇಲ್ಲಿ ಯಾವ ತಾಯಿಗೂ ಆಗದಿರಲಿ. ಕಣ್ಣು ಮಂಜಾದವರಿಗೆ ಸೊಲ್ಲಾಪುರದಲ್ಲಿ ಪೊರೆಯ ಶಸ್ತ್ರಕ್ರಿಯೆ ಮಾಡಿಸಲು, ಜೊತೆಗೆ ಹೋಗಿ ಬರುವ ಒಬ್ಬ ತರುಣ ಸಾಕು.

ಈ ಸಲದ ಸಮ್ಮೇಳನಕ್ಕೂ ಮೂರು ಹಳ್ಳಿಗಳಿಂದ ಭಜನಾ ಮೇಳದವರು ಬರುತ್ತಿದ್ದಾರೆ. ಕರಡು ಕಾರ್ಯಕ್ರಮ ಪಟ್ಟಿಯಲ್ಲಿ ಅವರ ಹಾಡನ್ನು ಅತಿಥಿಗಳ ಭಾಷಣಗಳು, ಸನ್ಮಾನ, ವಂದನಾರ್ಪಣೆ ಎಲ್ಲ ಮುಗಿದ ಮೇಲೆ ಇಡಲಾಗಿದೆ. ಭಾಷಣಗಳು ಎಂದಾದರೂ ಹೊತ್ತಿಗೆ ಸರಿಯಾಗಿ ಮುಗಿದದ್ದನ್ನು ನಾವು ಕಂಡಿಲ್ಲ, ಮತ್ತು ಆ ಹಳ್ಳಿಗಳ ಕಡೆಗೆ ಹೋಗುವ ಕೊನೆಯ ಬಸ್ಸು ಯಾರ ಭಾಷಣಕ್ಕೂ ಕಾಯುವುದಿಲ್ಲ. ಮೇಳವನ್ನು ಉದ್ಘಾಟನೆಯ ಬೆನ್ನಿಗೇ ಇಡಬೇಕೆಂದು ಕಾರ್ಯದರ್ಶಿಗಳಿಗೆ ಬರೆದು ಕೊಟ್ಟಿದ್ದೇವೆ. ಹಾಡುವವರ ಹೆಸರುಗಳ ಪಟ್ಟಿಯನ್ನೂ, ಹಿಮ್ಮೇಳದವರನ್ನು ಸೇರಿಸಿ, ಅದರ ಜೊತೆಗೇ ಲಗತ್ತಿಸಿದ್ದೇವೆ.